ಹದಿನಾರರಿಂದ ಹದಿನೆಂಟರವರೆಗೆ: ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳ ಕೈ ಬಿಡದಿರಲು ನಾವು ಮಾಡುವ ಕೆಲಸ

ಎಸ್‌ಎಸ್‌ಎಲ್‌ಸಿ ಮುಗಿಯುವಾಗ ಮಗುವಿಗೆ ಹದಿನಾರರ ಆಸುಪಾಸು. ನರಸಾಪುರ, ವೇಮಗಲ್, ಮಾಲೂರಿನ ಕಡೆ ಕಾರ್ಖಾನೆ ಕೆಲಸ ಕೇಳಲು ಹೋದರೆ ಮೊದಲ ಪ್ರಶ್ನೆಯೇ ಹದಿನೆಂಟು ತುಂಬಿದೆಯಾ ಎಂಬುದು. ಕೋಲಾರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುವ ನಮ್ಮ ಅನುಭವದಲ್ಲಿ ಮಕ್ಕಳು ಕೈತಪ್ಪುವುದು ಈ ಎರಡು ವರ್ಷದಲ್ಲೇ. ಹುಡುಗನಾದರೆ ಟೊಮೆಟೊ ಮಂಡಿಗೋ ಗಾರೆ ಕೆಲಸಕ್ಕೋ ಹೋಗುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಉಳಿಯುತ್ತಾಳೆ, ಆಮೇಲೆ ಗಂಡು ನೋಡುವ ಮಾತು ಶುರುವಾಗುತ್ತದೆ. ಹದಿನೆಂಟು ತುಂಬುವ ಹೊತ್ತಿಗೆ ಕೈಯಲ್ಲಿ ಕಸುಬೂ ಇರುವುದಿಲ್ಲ, ಕಾಗದವೂ ಇರುವುದಿಲ್ಲ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಇದಕ್ಕೆ ಎರಡು ಸಾಲುಗಳಿವೆ. 4.4ನೆಯ ಗುರಿ, ಕೆಲಸಕ್ಕೆ ಬೇಕಾದ ಕೌಶಲ ಇರುವ ಯುವಜನರ ಸಂಖ್ಯೆಯನ್ನು 2030ರೊಳಗೆ ಗಣನೀಯವಾಗಿ ಹೆಚ್ಚಿಸಬೇಕು ಎನ್ನುತ್ತದೆ. 8.6ನೆಯದು ಓದು, ಕೆಲಸ, ತರಬೇತಿ ಮೂರರಲ್ಲೂ ಇಲ್ಲದ ಯುವಜನರ ಪ್ರಮಾಣವನ್ನು 2020ರೊಳಗೇ ಇಳಿಸಬೇಕು ಎಂದಿತ್ತು. ಆ ಗಡುವು ದಾಟಿ ವರ್ಷಗಳಾದವು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ 12ನೇ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಎತ್ತಿ ಹೇಳುತ್ತದೆ: 19ರಿಂದ 24ರ ವಯಸ್ಸಿನ ಭಾರತದ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. 2025ರೊಳಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿ ಶಿಕ್ಷಣದ ಪರಿಚಯ ಆಗಬೇಕು ಎಂದೂ ಅದೇ ನೀತಿ ಬರೆದುಕೊಂಡಿತ್ತು. ಗುರಿಗಳ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಒಂದು ಶಾಲೆಯ ಅರುವತ್ತು ಮಕ್ಕಳಿಗೆ ಆ ಗುರಿ ತಲುಪಬೇಕಾದರೆ ಯಾರು, ಯಾವ ತಿಂಗಳು, ಏನು ಮಾಡಬೇಕು? ಅದನ್ನು ಶಿಕ್ಷಕರೇ ಕಂಡುಕೊಳ್ಳಬೇಕಾಯಿತು. ಹಾಗೆ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಒಂದು ರಿಜಿಸ್ಟರ್ ಬೇಕು. ಇನ್ನೂರು ಪುಟದ ಉದ್ದ ನೋಟ್‌ಬುಕ್ ಸಾಕು. ಒಂದು ಮಗುವಿಗೆ ಎದುರುಬದುರಿನ ಎರಡು ಪುಟ. ಎಡಪುಟದಲ್ಲಿ ಹೆಸರು, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿಗಿರುವ ಸಂಖ್ಯೆ), ಹುಟ್ಟಿದ ದಿನಾಂಕ, ಊರು, ಮೂರು ಫೋನ್ ನಂಬರ್. ಮೂರು ಏಕೆಂದರೆ ಮನೆಯ ನಂಬರ್ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ. ಒಂದು ತಾಯಿಯದು, ಇನ್ನೊಂದು ಸೋದರಮಾವನದೋ ಚಿಕ್ಕಪ್ಪನದೋ, ಮೂರನೆಯದು ಅದೇ ಊರಿನ ಅಂಗಡಿಯವರದು ಅಥವಾ ಅಂಗನವಾಡಿ ಕಾರ್ಯಕರ್ತೆಯದು. ಆಧಾರ್ ಸಂಖ್ಯೆಯನ್ನು ಇಲ್ಲಿ ಬರೆಯಬಾರದು. ಹತ್ತು ಜನರ ಕೈಯಲ್ಲಿ ಓಡಾಡುವ ಪುಸ್ತಕ ಇದು. ಆಧಾರ್ ವಿವರ ಶಾಲಾ ದಾಖಲೆಗೆ ಹೊಂದುತ್ತದೋ ಇಲ್ಲವೋ ನೋಡಿ ‘ತಾಳೆ ಇದೆ’ ಅಥವಾ ‘ತಾಳೆ ಇಲ್ಲ’ ಎಂದಷ್ಟೇ ಗುರುತು ಸಾಕು. ಬಲಪುಟದಲ್ಲಿ ದಿನಾಂಕ ಹಾಕಿ ಮಾತುಕತೆಯ ಒಂದೊಂದು ಸಾಲು. ಕೊನೆಯಲ್ಲಿ ಮೂರು ಕಾಲಂ: ಓದು, ತರಬೇತಿ, ಕೆಲಸ. ಮೂರೂ ಖಾಲಿ ಇದ್ದರೆ ಕೆಂಪು ಶಾಯಿ. ಫೋನ್ ಮಾಡಿದಾಗ ‘ಮನೇಲಿದಾಳೆ’ ಎಂಬ ಉತ್ತರ ಬಂದರೆ ಅದೂ ಕೆಂಪೇ. ಅಡುಗೆ, ಹಸು, ತಮ್ಮತಂಗಿಯರನ್ನು ನೋಡಿಕೊಳ್ಳುವುದು ಎಲ್ಲವೂ ದುಡಿಮೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ದುಡಿಮೆ ಅವಳನ್ನು ಎಲ್ಲಿಗೂ ದಾಟಿಸುವುದಿಲ್ಲ.

ಫಲಿತಾಂಶ ಬಂದ ಮೇಲೆ ಈ ಕೆಲಸ ಶುರು ಮಾಡಿದರೆ ತಡವಾಯಿತು. ಹತ್ತನೇ ತರಗತಿಯ ನವೆಂಬರ್‌ನಲ್ಲೇ ಶುರುವಾಗಬೇಕು, ಅದೂ ಕಾಗದಪತ್ರದಿಂದ. ಪರೀಕ್ಷಾ ಮಂಡಳಿಗೆ ನಾಮಿನಲ್ ರೋಲ್, ಅಂದರೆ ಪರೀಕ್ಷೆ ಬರೆಯುವವರ ಹೆಸರಿನ ಪಟ್ಟಿ, ಕಳಿಸುವ ಹೊತ್ತು ಅದು. ಆಗ ಹೆಸರು ತಿದ್ದುವುದು ಮುಖ್ಯೋಪಾಧ್ಯಾಯರ ಲಾಗಿನ್‌ನಲ್ಲಿ ಕೆಲವು ನಿಮಿಷದ ಕೆಲಸ. ಅಂಕಪಟ್ಟಿ ಅಚ್ಚಾದ ಮೇಲೆ ಅದೇ ತಿದ್ದುಪಡಿಗೆ ಅರ್ಜಿ, ದಾಖಲೆ, ಶುಲ್ಕ, ತಿಂಗಳುಗಟ್ಟಲೆ ಕಾಯುವಿಕೆ. ನಾವು ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿಸುತ್ತೇವೆ: ಶಾಲೆಯ ದಾಖಲಾತಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಓದುವುದು ಮಗು, ಗುರುತು ಹಾಕುವುದು ಶಿಕ್ಷಕರು. ಇಂಗ್ಲಿಷ್ ಕಾಗುಣಿತ, ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ತಂದೆಯ ಹೆಸರು, ಹುಟ್ಟಿದ ದಿನಾಂಕ. ಹೆಚ್ಚು ತಪ್ಪು ಸಿಗುವುದು ಇನಿಷಿಯಲ್‌ನಲ್ಲಿ. ಒಂದು ಕಡೆ ಊರು ಮತ್ತು ತಂದೆಯ ಹೆಸರಿನ ಎರಡು ಅಕ್ಷರ, ಇನ್ನೊಂದು ಕಡೆ ಒಂದೇ ಅಕ್ಷರ, ಮತ್ತೊಂದು ಕಡೆ ಅಕ್ಷರವೇ ಇಲ್ಲ. ಕಣ್ಣಿಗೆ ಇದು ತಪ್ಪೆಂದೇ ಕಾಣುವುದಿಲ್ಲ. ಎರಡು ವರ್ಷ ಬಿಟ್ಟು ಅಪ್ರೆಂಟಿಸ್ (ಕಾರ್ಖಾನೆಯಲ್ಲಿ ದುಡಿಯುತ್ತಾ ಕಲಿಯುವವರ) ಪೋರ್ಟಲ್ ನೋಂದಣಿ ತಿರಸ್ಕರಿಸಿದಾಗ ಗೊತ್ತಾಗುತ್ತದೆ.

ಯಾವುದನ್ನು ಯಾವುದಕ್ಕೆ ಸರಿಹೊಂದಿಸಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಬದಲಿಸಲು ಅವಕಾಶ ಒಂದೇ ಸಲ, ಹೆಸರಿಗೆ ಎರಡು ಸಲ. ಆ ಅವಕಾಶವನ್ನು ಆತುರದಲ್ಲಿ ತಪ್ಪಾಗಿ ಬಳಸಿದರೆ ಮುಂದೆ ದಾರಿ ಕಷ್ಟ. ನಮ್ಮ ಕ್ರಮ ಇದು: ಜನನ ಪ್ರಮಾಣಪತ್ರ ಇದ್ದರೆ ಅದೇ ಮೂಲ. ಶಾಲಾ ದಾಖಲೆ ಅದರಂತೆ ಇದೆಯೇ ನೋಡಿ, ಆಮೇಲೆ ಆಧಾರ್ ತಿದ್ದಿಸಿ, ಕೊನೆಗೆ ಬ್ಯಾಂಕ್. ಇದಕ್ಕಿಂತ ಹೆಚ್ಚಾಗಿ ಎಲ್ಲರೂ ಮರೆಯುವ ಇನ್ನೊಂದಿದೆ. ಹದಿನೈದು ತುಂಬಿದ ಮೇಲೆ ಆಧಾರ್‌ನ ಬೆರಳಚ್ಚು, ಕಣ್ಣು, ಮುಖಚಿತ್ರಗಳನ್ನು ನವೀಕರಿಸಲೇಬೇಕು. ಹತ್ತನೇ ತರಗತಿಯ ಮಗುವಿಗೆ ನಡೆಯುತ್ತಿರುವುದು ಅದೇ ವಯಸ್ಸು. ಐದು ವರ್ಷದ ಕೂಸಾಗಿದ್ದಾಗ ಕೊಟ್ಟ ಬೆರಳಚ್ಚು ಈಗ ಹೊಂದುವುದಿಲ್ಲ. ಹೊಂದದಿದ್ದರೆ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಆಗುವುದಿಲ್ಲ. ಅದಾಗದಿದ್ದರೆ ವಿದ್ಯಾರ್ಥಿವೇತನವೂ ನಿಲ್ಲಬಹುದು, ಅಪ್ರೆಂಟಿಸ್ ನೋಂದಣಿಯೂ ನಿಲ್ಲಬಹುದು.

ಬ್ಯಾಂಕ್ ಖಾತೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಗೊಂದಲವಾಗುತ್ತವೆ. ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂದರೆ ಬ್ಯಾಂಕಿನ ಕಂಪ್ಯೂಟರ್‌ನಲ್ಲಿ ಸಂಖ್ಯೆ ದಾಖಲಾಗಿದೆ ಎಂದಷ್ಟೇ ಅರ್ಥ. ಸರ್ಕಾರದ ಹಣ ನೇರ ಖಾತೆಗೆ ಬರಬೇಕಾದರೆ (ಇದನ್ನೇ ಡಿಬಿಟಿ ಎನ್ನುವುದು) ಆ ಖಾತೆ ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂದು ತೋರಿಸುವ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲೂ ಇರಬೇಕು. ಬ್ಯಾಂಕಿಗೆ ಹೋದಾಗ ‘ಆಧಾರ್ ಲಿಂಕ್ ಆಗಿದೆಯಾ ಸಾರ್’ ಎಂದು ಕೇಳಬೇಡಿ, ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಆಗಿದೆಯಾ’ ಎಂದೇ ಕೇಳಿ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಹಿಂದೆ ಯಾವುದೋ ಸ್ಕಾಲರ್‌ಶಿಪ್‌ಗೆ ತೆರೆದ, ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಮ್ಯಾಪಿಂಗ್ ಅಂಟಿಕೊಂಡಿರುವುದು ಮಾಮೂಲಿ ತೊಂದರೆ. ಹಾಗಿದ್ದರೆ ಈಗ ಬಳಸುವ ಬ್ಯಾಂಕಿನಲ್ಲೇ ಹೊಸದಾಗಿ ಸೀಡಿಂಗ್ ಅರ್ಜಿ ಕೊಡಬೇಕು, ಹಳೆಯದು ತಾನಾಗಿ ಬಿಟ್ಟುಹೋಗುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪತ್ರದ ಮೇಲೆಯೇ ಅಚ್ಚಾಗಿರುವ ಸಂಖ್ಯೆ) ತೆಗೆದು, ಆದಾಯ ಪತ್ರದ ಐದು ವರ್ಷದ ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಏಪ್ರಿಲ್‌ನಲ್ಲಿ ಮುಗಿಯುವುದಿದ್ದರೆ ಜನವರಿಯಲ್ಲೇ ನಾಡಕಚೇರಿಗೆ ಕಳಿಸಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ನಮ್ಮದು ಗಡಿ ಜಿಲ್ಲೆ. ಎರಡನೇ ತರಗತಿಯವರೆಗೆ ಆಂಧ್ರದಲ್ಲಿ ಅಜ್ಜಿ ಮನೆಯಲ್ಲಿ ಓದಿ ಬಂದ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಅಂಥವರನ್ನು ಮೊದಲೇ ಗುರುತಿಸಿ, ಆ ಮೀಸಲಾತಿ ಸಿಗದೆಂದು ಮುಂಚೆಯೇ ತಿಳಿಸಬೇಕು. ಸೀಟು ಹಂಚುವ ಕೌನ್ಸೆಲಿಂಗ್ ದಿನ ಕೌಂಟರ್‌ನಲ್ಲಿ ತಿಳಿದರೆ ಕುಟುಂಬ ಅಲ್ಲಿಂದಲೇ ವಾಪಸ್ ಬಸ್ ಹತ್ತಿಬಿಡುತ್ತದೆ.

ಡಿಸೆಂಬರ್, ಜನವರಿಯಲ್ಲಿ ಮನೆಯವರೊಂದಿಗೆ ಮಾತು. ಪೋಷಕರ ಸಭೆಯಲ್ಲಿ ಎಲ್ಲರನ್ನೂ ಕೂರಿಸಿ ಭಾಷಣ ಮಾಡುವುದರಿಂದ ಏನೂ ಆಗದು. ಒಂದು ಮನೆಗೆ ನಲವತ್ತು ನಿಮಿಷ ಬೇಕು. ತಾಯಿ ಇರುವ ಹೊತ್ತಿಗೇ ಹೋಗಬೇಕು. ನಮ್ಮ ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗು. ಶಿಕ್ಷಕರಿಗೆ ನಾಲ್ಕು ಮಾತು ತೆಲುಗು ಬಂದರೂ ತಾಯಿ ಬಾಯಿ ಬಿಡುತ್ತಾರೆ, ಇಲ್ಲದಿದ್ದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಮಗುವಿಗೆ ಏನಾಗಲು ಆಸೆ ಎಂಬ ಪ್ರಶ್ನೆಯಿಂದ ಮಾತು ಶುರು ಮಾಡಬೇಡಿ. ಅದಕ್ಕೆ ‘ಪೊಲೀಸ್’, ‘ನರ್ಸ್’ ಎಂಬ ಎರಡು ಉತ್ತರ ಬರುತ್ತವೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಾವು ಬಸ್ಸಿನಿಂದ ಶುರು ಮಾಡುತ್ತೇವೆ. ಬೆಳಿಗ್ಗೆ ಎಷ್ಟು ಗಂಟೆಗೆ ಊರಿನಿಂದ ಬಸ್ಸಿದೆ, ಕೊನೆಯ ಬಸ್ಸು ಸಂಜೆ ಎಷ್ಟಕ್ಕೆ ವಾಪಸ್ ಬರುತ್ತದೆ, ನಿಲ್ದಾಣದಿಂದ ಮನೆಗೆ ಎಷ್ಟು ದೂರ ನಡಿಗೆ, ಆ ದಾರಿಯಲ್ಲಿ ದೀಪ ಇದೆಯೇ. ಹುಡುಗಿಯರ ವಿಷಯದಲ್ಲಿ ಅರ್ಧ ತೀರ್ಮಾನ ಇದರಲ್ಲೇ ಆಗಿಹೋಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಹಾಗಾಗಿ ಅದಕ್ಕೂ ಮುಂಚೆ ‘ದುಡ್ಡಿಲ್ಲ ಸಾರ್’ ಎಂದು ಮುಗಿಯುತ್ತಿದ್ದ ಮಾತು ಈಗ ‘ಹೊತ್ತಾಗುತ್ತೆ ಸಾರ್’ ಎಂಬಲ್ಲಿಗೆ ಬಂದಿದೆ. ಹೊತ್ತಿನ ಸಮಸ್ಯೆಗೆ ಪರಿಹಾರ ಒಂಟಿಯಾಗಿ ಕಳಿಸದಿರುವುದು. ಒಂದೇ ಊರಿನ ಇಬ್ಬರು ಮೂವರನ್ನು ಒಂದೇ ಐಟಿಐಗೆ (ಕೈಗಾರಿಕಾ ತರಬೇತಿ ಸಂಸ್ಥೆಗೆ) ಸೇರಿಸಿದರೆ ಮೂವರೂ ಉಳಿಯುವ ಸಂಭವ ಹೆಚ್ಚು. ಹುಡುಗರಿಗೆ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ವಿದ್ಯಾರ್ಥಿ ಪಾಸ್‌ಗೆ ಅರ್ಜಿ ಹಾಕಿಸಬೇಕು. ಪಾಸ್ ಕೈಗೆ ಬರುವವರೆಗಿನ ವಾರಗಳ ಬಸ್ ಖರ್ಚನ್ನು ಮನೆಯವರ ಲೆಕ್ಕದಲ್ಲಿ ಸೇರಿಸಿಯೇ ಹೇಳಬೇಕು. ಬಿಡುವ ಹುಡುಗರಲ್ಲಿ ಹಲವರು ಬಿಡುವುದು ಆ ವಾರಗಳಲ್ಲೇ.

ಈಗ ಮುಖ್ಯ ವಿಷಯ. ಹದಿನಾರಕ್ಕೂ ಹದಿನೆಂಟಕ್ಕೂ ನಡುವಿನ ಎರಡು ವರ್ಷವನ್ನು ಏನಿಟ್ಟು ತುಂಬುವುದು? ಪಿಯುಸಿ ಎರಡು ವರ್ಷ, ಐಟಿಐ ಒಂದೋ ಎರಡೋ, ಡಿಪ್ಲೊಮಾ ಮೂರು. ಐಟಿಐನಲ್ಲಿ ಟ್ರೇಡ್‌ನ, ಅಂದರೆ ಕಲಿಯುವ ಕಸುಬಿನ, ಅವಧಿ ನೋಡಿ ಆರಿಸಬೇಕು. ಎಲೆಕ್ಟ್ರಿಷಿಯನ್, ಫಿಟ್ಟರ್, ಮೋಟಾರು ವಾಹನ ಮೆಕ್ಯಾನಿಕ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಇವು ಎರಡು ವರ್ಷದವು. ಮುಗಿಯುವ ಹೊತ್ತಿಗೆ ಮಗುವಿಗೆ ಹದಿನೆಂಟು, ನೇರ ಗೇಟಿಗೆ ಹೋಗಬಹುದು. ವೆಲ್ಡರ್, ಡೀಸೆಲ್ ಮೆಕ್ಯಾನಿಕ್, ಕೋಪಾ (ಕಂಪ್ಯೂಟರ್ ಆಪರೇಟರ್ ಕಸುಬು) ಒಂದು ವರ್ಷದವು. ಬೇಗ ಮುಗಿಯುತ್ತದೆಂದು ಮನೆಯವರಿಗೆ ಇಷ್ಟ. ಆದರೆ ಹದಿನೇಳಕ್ಕೆ ಪ್ರಮಾಣಪತ್ರ ಹಿಡಿದು ಹೊರಬಂದ ಮಗುವನ್ನು ಯಾರೂ ಒಳಗೆ ಕರೆಯುವುದಿಲ್ಲ. ಮತ್ತೊಂದು ವರ್ಷ ಮನೆಯಲ್ಲಿ ಕೂತರೆ ಕೈಯ ಪಳಗಿಕೆ ಹೋಗುತ್ತದೆ. ಒಂದು ವರ್ಷದ ಟ್ರೇಡ್ ಆರಿಸುವ ಮಗುವಿಗೆ ಎರಡನೇ ವರ್ಷಕ್ಕೆ ಏನು ಎಂಬುದನ್ನು ಸೇರುವ ದಿನವೇ ರಿಜಿಸ್ಟರ್‌ನಲ್ಲಿ ಬರೆದಿಡಿ. ಇನ್ನೊಂದು ವಿಷಯ: ಎಲೆಕ್ಟ್ರಿಷಿಯನ್, ಫಿಟ್ಟರ್ ಘಟಕಕ್ಕೆ 20 ಸೀಟು, ಕೋಪಾಕ್ಕೆ 24. ಎಲೆಕ್ಟ್ರಿಷಿಯನ್ ಮೊದಲು ತುಂಬುತ್ತದೆ. ಅಂಕ ಸಾಲದ ಮಗುವಿಗೆ ಫಿಟ್ಟರ್ ಎರಡನೇ ಆಯ್ಕೆ ಎಂದು ಬರೆಯಿಸದಿದ್ದರೆ, ಸೀಟು ಸಿಗಲಿಲ್ಲ ಎಂದುಕೊಂಡು ಮನೆಗೆ ಹೋಗುತ್ತದೆ. ಹತ್ತನೇ ತರಗತಿ ಪಾಸಾಗದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ವೆಲ್ಡರ್, ವೈರ್‌ಮನ್ ಟ್ರೇಡ್‌ಗಳಿಗೆ ಎಂಟನೇ ತರಗತಿ ಸಾಕು. ಇದು ಬಹಳ ಮನೆಗಳಿಗೆ ಗೊತ್ತಿಲ್ಲ.

ಪಿಯುಸಿಗೆ ಹೋಗುವವರನ್ನು ಸುರಕ್ಷಿತರು ಎಂದು ಬಿಟ್ಟುಬಿಡಬಾರದು. ಕನ್ನಡ ಮಾಧ್ಯಮದಿಂದ ವಿಜ್ಞಾನ ವಿಭಾಗಕ್ಕೆ ಹೋದ ಮಗು ಇದ್ದಕ್ಕಿದ್ದಂತೆ ಇಂಗ್ಲಿಷ್ ಪಾಠದ ಎದುರು ಕೂರುತ್ತದೆ. ಬಿಡುವ ಯೋಚನೆ ಶುರುವಾಗುವುದು ಮೊದಲ ಎರಡು ತಿಂಗಳಲ್ಲಿ. ವಿಭಾಗ ಬದಲಿಸಿಕೊಳ್ಳಲು ಕಾಲೇಜು ಒಪ್ಪುವುದೂ ಮೊದಲ ಕೆಲವು ವಾರಗಳಲ್ಲಿ ಮಾತ್ರ. ಆ ಕಿಟಕಿ ಮುಚ್ಚುವ ಮುಂಚೆ ಒಂದು ಫೋನ್ ಹೋಗಬೇಕು.

ಜನವರಿಯಲ್ಲಿ ಮಕ್ಕಳನ್ನು ಕರೆದೊಯ್ಯುವುದು ಕಾರ್ಖಾನೆಗಿಂತ ಐಟಿಐ ವರ್ಕ್‌ಶಾಪ್‌ಗೆ ಒಳ್ಳೆಯದು. ಕಾರ್ಖಾನೆಯಲ್ಲಿ ಹಳದಿ ಗೆರೆಯ ಆಚೆ ನಿಲ್ಲಿಸಿ ತೋರಿಸುತ್ತಾರೆ, ಏನನ್ನೂ ಮುಟ್ಟುವಂತಿಲ್ಲ. ವರ್ಕ್‌ಶಾಪ್‌ನಲ್ಲಿ ಅರ ಹಿಡಿದು ಕಬ್ಬಿಣದ ತುಂಡು ಉಜ್ಜಬಹುದು. ಹತ್ತು ನಿಮಿಷ ಉಜ್ಜಿದರೆ ಸಾಕು, ಈ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಮಗುವಿಗೇ ತಿಳಿಯುತ್ತದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿದ್ದಾರೆ. ಹತ್ತಿರದಲ್ಲಿ ಅಂಥದ್ದಿದ್ದರೆ ಅದನ್ನೇ ತೋರಿಸಿ. ಹೋಗುವ ಮುನ್ನ ಪ್ರಾಚಾರ್ಯರಿಗೆ ಪತ್ರ, ಹೋಗಿ ಬರಲು ಪೋಷಕರ ಒಪ್ಪಿಗೆ, ಮೂವತ್ತು ಮಕ್ಕಳಿಗಿಂತ ಹೆಚ್ಚು ಬೇಡ, ಕಾಲಿಗೆ ಶೂ ಕಡ್ಡಾಯ. ಬಟ್ಟೆ ಸಡಿಲವಾಗಿದ್ದರೆ ಲೇತ್ ಹತ್ತಿರ ಬಿಡಬಾರದು. ದುಪ್ಪಟ್ಟಾ ಕಟ್ಟಿಕೊಂಡೇ ಒಳಗೆ ಬರಲಿ.

ವರ್ಕ್‌ಶಾಪ್‌ನಿಂದ ಬಂದ ಮೇಲೆ ಗಣಿತ, ವಿಜ್ಞಾನದ ಶಿಕ್ಷಕರಿಗೆ ಒಂದು ಕೆಲಸವಿದೆ. ಐಟಿಐನ ಮೊದಲ ತಿಂಗಳುಗಳಲ್ಲಿ ಮಕ್ಕಳು ಸೋಲುವುದು ಕೈಕೆಲಸದಲ್ಲಿ ಅಲ್ಲ, ದಶಮಾಂಶದಲ್ಲಿ. ವರ್ನಿಯರ್ ಕ್ಯಾಲಿಪರ್‌ನ ಕನಿಷ್ಠ ಅಳತೆ 0.02 ಮಿಲಿಮೀಟರ್. ಮುಖ್ಯ ಅಳತೆಪಟ್ಟಿಯಲ್ಲಿ 23, ವರ್ನಿಯರ್‌ನಲ್ಲಿ 17ನೇ ಗೆರೆ ಕೂಡಿದರೆ 17ನ್ನು 0.02ರಿಂದ ಗುಣಿಸಿ 0.34, ಒಟ್ಟು 23.34. ತ್ರಿಕೋನಮಿತಿಯಲ್ಲಿ ಒಳ್ಳೆಯ ಅಂಕ ತೆಗೆದ ಮಗು ಇಲ್ಲಿ 23.17 ಎಂದು ಬರೆಯುತ್ತದೆ. ಪರೀಕ್ಷೆ ಮುಗಿದ ಏಪ್ರಿಲ್‌ನಲ್ಲಿ ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಇಂಥ ಲೆಕ್ಕ ಮಾಡಿಸಿದರೆ ದೊಡ್ಡ ಉಪಕಾರ. ಜೊತೆಗೆ ಅರುವತ್ತು ಪದಗಳ ಒಂದು ಹಾಳೆ: ಕೆಲಸದ ಜಾಗದಲ್ಲಿ ಇಂಗ್ಲಿಷ್‌ನಲ್ಲೇ ಬಳಸುವ ಸ್ಪ್ಯಾನರ್, ಟಾಲರೆನ್ಸ್, ಅರ್ಥಿಂಗ್, ರಿಜೆಕ್ಷನ್, ಶಿಫ್ಟ್ ಇಂಥವು, ಎದುರಿಗೆ ಕನ್ನಡದಲ್ಲಿ ಅರ್ಥ. ಓಮ್‌ನ ನಿಯಮ ಹತ್ತನೇ ತರಗತಿಯ ಪಾಠದಲ್ಲೇ ಇದೆ. ಅದನ್ನು ಮಲ್ಟಿಮೀಟರ್ ಹಿಡಿದು ಒಂದು ಸಲ ಅಳೆದು ನೋಡಿದ ಮಗು ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಹೆದರುವುದಿಲ್ಲ.

ಫಲಿತಾಂಶದ ದಿನ ಶಾಲೆಯಲ್ಲಿ ಇರಲೇಬೇಕು. ಅಂದು ಮೊದಲ ಫೋನ್ ಹೋಗಬೇಕಾದದ್ದು ಹೆಚ್ಚು ಅಂಕ ತೆಗೆದವರಿಗೆ ಅಲ್ಲ, ಪಾಸಾಗದವರಿಗೆ. 2024 ಮತ್ತು 2025ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಬರೆಯುವ ಅವಕಾಶ ಇತ್ತು. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಮೇ 2ಕ್ಕೆ ಬಂತು, ಎರಡನೇ ಪರೀಕ್ಷೆ ಮೇ 26ಕ್ಕೆ ಶುರುವಾಯಿತು. ನಡುವೆ ಇದ್ದದ್ದು 24 ದಿನ. ಅದರಲ್ಲಿ ನೋಂದಣಿಗೆ ಸಿಗುವುದು ಕೆಲವೇ ದಿನ. ‘ಮುಂದಿನ ಸಲ ಬರೀತೀನಿ ಸಾರ್’ ಎನ್ನುವ ಮಗು ಕೊನೆಯ ದಿನಾಂಕ ಕೇಳಿಕೊಂಡಿರುವುದಿಲ್ಲ. ಬೇಸರದಲ್ಲಿ ಬೆಂಗಳೂರಿನ ನೆಂಟರ ಮನೆಗೆ ಹೋಗಿರುತ್ತದೆ, ಅಲ್ಲೇ ಯಾವುದೋ ಅಂಗಡಿಗೆ ಸೇರಿಕೊಳ್ಳುತ್ತದೆ. ನೋಂದಣಿಯನ್ನು ಶಾಲೆಯಿಂದಲೇ ಮಾಡಿಸಿ, ಆಮೇಲೆ ಮಗುವಿಗೆ ತಿಳಿಸಿ. ಓದಿಸುವುದನ್ನು ಎರಡು ವಿಷಯಕ್ಕೆ ಸೀಮಿತ ಮಾಡಿ. ಗಣಿತದಲ್ಲಿ ಫೇಲಾದ ಮಗುವಿಗೆ 24 ದಿನದಲ್ಲಿ ಪೂರ್ತಿ ಪುಸ್ತಕ ಕಲಿಸುವುದು ಆಗದ ಮಾತು. ನಕ್ಷೆ, ಸಂಖ್ಯಾಶಾಸ್ತ್ರ, ಸಮಾಂತರ ಶ್ರೇಢಿ ಇಷ್ಟು ಗಟ್ಟಿಯಾದರೆ ದಡ ಸೇರಬಹುದು.

ಮೇ ತಿಂಗಳಲ್ಲೇ ಇನ್ನೊಂದು ಅಪಾಯ ಊರೂರು ತಿರುಗುತ್ತದೆ. ಖಾಸಗಿ ಕಾಲೇಜುಗಳ ಪರವಾಗಿ ಬರುವವರು ಹಾಸ್ಟೆಲ್ ಉಚಿತ, ಬಸ್ ಉಚಿತ ಎಂದು ಹೇಳಿ ಟಿಸಿ, ಅಂಕಪಟ್ಟಿಗಳ ಮೂಲಪ್ರತಿ ತೆಗೆದುಕೊಂಡು ಹೋಗುತ್ತಾರೆ. ಜುಲೈನಲ್ಲಿ ಶುಲ್ಕ ಕಟ್ಟಲಾಗದೆ ಮಗು ಹಿಂದೆ ಬಂದರೆ ಮೂಲಪ್ರತಿ ವಾಪಸ್ ಸಿಗುವುದು ಕಷ್ಟ. ಮೂಲಪ್ರತಿ ಇಲ್ಲದೆ ಐಟಿಐ ಕೌನ್ಸೆಲಿಂಗ್ ಇಲ್ಲ. ಹಾಗಾಗಿ ಟಿಸಿ ಕೊಡುವಾಗ ಪ್ರತಿಯೊಂದರ ಮೂರು ಜೆರಾಕ್ಸ್ ತೆಗೆಸಿ, ಪ್ಲಾಸ್ಟಿಕ್ ಫೋಲ್ಡರ್‌ಗೆ ಹಾಕಿ, ತಾಯಿಯ ಕೈಗೇ ಕೊಟ್ಟು ಹೇಳಬೇಕು: ‘ಅಮ್ಮ, ಒರಿಜಿನಲ್ ತೋರಿಸಬಹುದು, ಬಿಟ್ಟು ಬರಬಾರದು. ಕೇಳಿದರೆ ಮೊದಲು ನಮಗೆ ಒಂದು ಫೋನ್ ಮಾಡಿ.’ ಕೌನ್ಸೆಲಿಂಗ್ ದಿನ ಸೀಟು ಖಚಿತವಾದ ಮೇಲೆ ಸರ್ಕಾರಿ ಸಂಸ್ಥೆಗೆ ಕೊಡುವುದು ಬೇರೆ ಮಾತು. ಆಗಲೂ ಸ್ವೀಕೃತಿ ಪತ್ರ ಪಡೆದೇ ಬರಬೇಕು.

ಅಲ್ಲಿಂದ ಮುಂದೆ ಐದು ಫೋನ್. ಜೂನ್ 15ರ ಹೊತ್ತಿಗೆ ಒಂದು: ಅರ್ಜಿ ಹಾಕಿದೆಯಾ? ಜುಲೈ ಕೊನೆಗೆ ಎರಡನೆಯದು: ಸೇರಿದೆಯಾ? ಸೆಪ್ಟೆಂಬರ್‌ನಲ್ಲಿ ಮೂರನೆಯದು: ನಿನ್ನೆ ಹೋಗಿದ್ದೆಯಾ? ‘ಹೋಗ್ತಿದೀಯಾ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ನಿನ್ನೆ ಏನು ಮಾಡಿಸಿದರು’ ಎಂದು ಕೇಳಿದರೆ ನಿಜ ತಿಳಿಯುತ್ತದೆ. ಐಟಿಐನಲ್ಲಿ ಪರೀಕ್ಷೆಗೆ ಶೇ 80 ಹಾಜರಿ ಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಳೆದುಕೊಂಡ ಹಾಜರಿಯನ್ನು ಆಮೇಲೆ ತುಂಬಿಕೊಳ್ಳುವುದು ಕಷ್ಟ. ನಾಲ್ಕನೆಯ ಫೋನ್ ಜನವರಿಗೆ, ಸಂಕ್ರಾಂತಿಗೆ ಊರಿಗೆ ಬಂದವರು ವಾಪಸ್ ಹೋದರೋ ಎಂದು. ಐದನೆಯದು ಮರುವರ್ಷದ ಮೇ ತಿಂಗಳಲ್ಲಿ. ಹುಡುಗಿಯ ಫೋನ್ ಎರಡು ಸಲ ಸಿಗದೆ, ಊರಿನವರು ಮದುವೆಯ ಸುದ್ದಿ ಹೇಳಿದರೆ ಕಾಯಬಾರದು. ಹದಿನೆಂಟರೊಳಗಿನ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾನೂನಿನ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಕರೆ ಮಾಡಿದವರು ಶಿಕ್ಷಕರು ಎಂದು ಊರಿಗೆ ತಿಳಿಯುವ ಅಗತ್ಯ ಇಲ್ಲ.

ಎರಡು ವರ್ಷ ಕಳೆದ ಮೇಲೆ ಅಪ್ರೆಂಟಿಸ್ ಹಂತ. ಇಲ್ಲಿಗೆ ಬರುವಷ್ಟರಲ್ಲಿ ಶಾಲೆಯ ಕೆಲಸ ಮುಗಿದಿರುತ್ತದೆ ಎಂದು ಕಾಣುತ್ತದೆ. ಆದರೆ ಒಪ್ಪಂದದ ಕಾಗದ ಓದಿ ಹೇಳುವವರು ಆ ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಅದರಲ್ಲಿ ನೋಡಬೇಕಾದದ್ದು ಇಷ್ಟು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪೋರ್ಟಲ್‌ನಲ್ಲಿ ನೋಂದಾಯಿತವಾದ ಒಪ್ಪಂದದ ಸಂಖ್ಯೆ ಇದೆಯೇ? ಇಲ್ಲದೆ ಬರೀ ‘ಟ್ರೈನಿ’ ಎಂದು ಬರೆದಿದ್ದರೆ, ಕೊಟ್ಟವರು ಕಾರ್ಖಾನೆಯವರೋ ಗುತ್ತಿಗೆದಾರರೋ ವಿಚಾರಿಸಿ. ಟ್ರೇಡ್‌ನ ಹೆಸರು ಮಗು ಕಲಿತದ್ದೇ ಇದೆಯೇ? ಆರಂಭ, ಮುಕ್ತಾಯದ ದಿನಾಂಕಗಳಿವೆಯೇ? ಸ್ಟೈಪೆಂಡ್ (ತಿಂಗಳ ಭತ್ಯೆ) ಎಷ್ಟು? 2019ರ ತಿದ್ದುಪಡಿಯಂತೆ ತಿಂಗಳಿಗೆ ಕನಿಷ್ಠ ದರ ಹತ್ತನೇ ತರಗತಿ ಪಾಸಾದವರಿಗೆ 6,000, ಐಟಿಐ ಆದವರಿಗೆ 7,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿಯಾಗಿತ್ತು. ಸಹಿ ಮಾಡುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಬೇಕು.

ಇಲ್ಲೊಂದು ತಪ್ಪು ತಿಳಿವಳಿಕೆಯಿಂದ ಮಕ್ಕಳು ತರಬೇತಿ ಬಿಟ್ಟು ಬರುತ್ತಾರೆ. ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡ್‌ನ ಶೇ 25ನ್ನು, ಹೆಚ್ಚೆಂದರೆ 1,500 ರೂಪಾಯಿಯನ್ನು ಕೇಂದ್ರ ಸರ್ಕಾರ ನೇರ ಮಗುವಿನ ಖಾತೆಗೆ ಹಾಕುತ್ತದೆ. ಉಳಿದದ್ದು ಕಂಪನಿಯದು. 7,000 ಎಂದು ಸಹಿ ಹಾಕಿದ ಮಗುವಿಗೆ ಕಂಪನಿಯಿಂದ ಬರುವುದು 5,500. ಸರ್ಕಾರದ ಪಾಲು ಬೇರೆ ದಿನ, ಹಲವು ಸಲ ತಡವಾಗಿ, ಬೇರೆಯಾಗಿಯೇ ಬರುತ್ತದೆ. ಖಾತೆಗೆ ಎನ್‌ಪಿಸಿಐ ಸೀಡಿಂಗ್ ಇಲ್ಲದಿದ್ದರೆ ಬರುವುದೇ ಇಲ್ಲ. ‘ಏಳು ಹೇಳಿ ಐದೂವರೆ ಕೊಟ್ರು, ಮೋಸ ಮಾಡಿದ್ರು ಮಿಸ್’ ಎಂಬ ಫೋನ್ ಬಂದರೆ ಮೊದಲು ಈ ಲೆಕ್ಕ ಬಿಡಿಸಿ ಹೇಳಿ. ನವೆಂಬರ್‌ನಲ್ಲಿ ಹತ್ತನೇ ತರಗತಿಯ ಮಗುವನ್ನು ಬ್ಯಾಂಕಿಗೆ ಅಟ್ಟಿದ್ದಕ್ಕೆ ಫಲ ಸಿಗುವುದು ಇಲ್ಲಿ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಕಾರ್ಮಿಕರಲ್ಲ, ಕಲಿಯುವವರು, ಹಾಗಾಗಿ ಪಿಎಫ್, ಇಎಸ್‌ಐ ಕಡಿತ ಇರುವುದಿಲ್ಲ. ಆದರೆ ಸುರಕ್ಷತೆಯ ನಿಯಮಗಳೂ ಕೆಲಸದಲ್ಲಿ ಗಾಯವಾದರೆ ಪರಿಹಾರವೂ ಅವರಿಗೆ ಅನ್ವಯಿಸುತ್ತವೆ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಇದನ್ನು ಸೇರುವ ಮೊದಲೇ ಸ್ಪಷ್ಟವಾಗಿ ಹೇಳಿಬಿಡಬೇಕು. ಆಮೇಲೆ ತಿಳಿದರೆ ಮಗು ನಮ್ಮ ಮಾತನ್ನೇ ನಂಬುವುದಿಲ್ಲ. ಕೊನೆಯ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಪಡೆಯುವವರೆಗೆ ಬಿಡಬಾರದು. ಮೂರು ಸಾವಿರ ಹೆಚ್ಚು ಸಿಗುತ್ತದೆಂದು ಹನ್ನೊಂದನೇ ತಿಂಗಳಲ್ಲಿ ಬಿಟ್ಟವರ ಕೈಯಲ್ಲಿ ಆ ಕಾಗದ ಇರುವುದಿಲ್ಲ.

ಇಷ್ಟಕ್ಕೆ ಹೊತ್ತೆಷ್ಟು ಬೇಕು? ಕಾಗದಪತ್ರಕ್ಕೆ ಒಂದು ಮಗುವಿಗೆ 15 ನಿಮಿಷ, ಮನೆಯ ಮಾತಿಗೆ 40, ಆರು ನಿಮಿಷದಂತೆ ಐದು ಫೋನ್‌ಗೆ 30. ಒಟ್ಟು 85 ನಿಮಿಷ. ಅರುವತ್ತು ಮಕ್ಕಳಿಗೆ 5,100 ನಿಮಿಷ, ಅಂದರೆ 85 ಗಂಟೆ. ನಲವತ್ತು ನಿಮಿಷದ ಪೀರಿಯಡ್ ಲೆಕ್ಕದಲ್ಲಿ 127ಕ್ಕೂ ಹೆಚ್ಚು. ಊರಿಂದೂರಿಗೆ ಓಡಾಡುವ ಹೊತ್ತು ಇದರಲ್ಲಿ ಸೇರಿಲ್ಲ. ಈ 85 ಗಂಟೆ ಯಾವ ವೇಳಾಪಟ್ಟಿಯಲ್ಲೂ ಇಲ್ಲ. ಜಪಾನಿನ ಪ್ರೌಢಶಾಲೆಗಳಲ್ಲಿ ಇದು ಶಾಲೆಯದೇ ಅಧಿಕೃತ ಕೆಲಸ. ಜುಲೈ 1ರಿಂದ ಕಂಪನಿಗಳ ಉದ್ಯೋಗ ಪತ್ರಗಳು ಶಾಲೆಗೇ ಬರುತ್ತವೆ, ಸೆಪ್ಟೆಂಬರ್ 5ರಿಂದ ಬಹುತೇಕ ಕಡೆ ಶಾಲೆಯ ಮೂಲಕವೇ ಅರ್ಜಿ ಹೋಗುತ್ತದೆ, 16ರಿಂದ ಆಯ್ಕೆ. ಅದಕ್ಕೆಂದೇ ಜವಾಬ್ದಾರಿ ಹೊತ್ತ ಶಿಕ್ಷಕರಿರುತ್ತಾರೆ. ಜರ್ಮನಿಯಲ್ಲಿ ಉದ್ಯೋಗ ಇಲಾಖೆಯ ಸಲಹೆಗಾರರೇ ಶಾಲೆಗೆ ಬರುತ್ತಾರೆ. ಯಾವ ಮಾದರಿಯಾದರೂ ಆಗಬಹುದು, ಕೆಲಸ ಯಾರದೆಂದು ಬರೆದಿರಬೇಕು. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1966ರ ಅಕ್ಟೋಬರ್ 5ರಂದು ಒಪ್ಪಿದ ಶಿಕ್ಷಕರ ಸ್ಥಾನಮಾನದ ಶಿಫಾರಸು ಬೋಧನೆಯ ಗಂಟೆ ನಿಗದಿ ಮಾಡುವಾಗ ಮಕ್ಕಳಿಗೆ ಸಲಹೆ ಕೊಡುವ, ಪೋಷಕರೊಂದಿಗೆ ಮಾತಾಡುವ ಹೊತ್ತನ್ನೂ ಎಣಿಸಬೇಕು ಎನ್ನುತ್ತದೆ. ಪ್ರತಿ ವರ್ಷ ಆ ದಿನವನ್ನು ವಿಶ್ವ ಶಿಕ್ಷಕರ ದಿನ ಎಂದು ಆಚರಿಸುತ್ತಾರೆ. ವಾರಕ್ಕೆ ಮೂರು ಪೀರಿಯಡ್ ಒಬ್ಬ ಶಿಕ್ಷಕರಿಗೆ ಬಿಡಿಸಿಕೊಟ್ಟರೆ ಈ ಕೆಲಸದ ಬಹುಪಾಲು ಆಗುತ್ತದೆ. ಮುಖ್ಯೋಪಾಧ್ಯಾಯರಲ್ಲಿ ಕೇಳುವಾಗ ಈ ಲೆಕ್ಕವನ್ನು ಬರೆದುಕೊಂಡೇ ಹೋಗಿ. ‘ವೃತ್ತಿ ಮಾರ್ಗದರ್ಶನ’ ಎಂದು ಕೇಳಿದರೆ ಒಂದು ದಿನದ ಕಾರ್ಯಕ್ರಮ, ಒಂದು ಬ್ಯಾನರ್, ಒಂದು ಹಾರ ಸಿಗುತ್ತದೆ.

ವರ್ಗಾವಣೆ ಬಂದಾಗ ರಿಜಿಸ್ಟರ್ ಶಾಲೆಯಲ್ಲೇ ಉಳಿಯಬೇಕು, ಚಾರ್ಜ್ ಪಟ್ಟಿಯಲ್ಲಿ ಸೇರಿಸಿ ಸಹಿ ಪಡೆದು ಕೊಡಿ. ಹೊಸಬರಿಗೆ ಅರ್ಥವಾಗುವಂತೆ ಪೂರ್ತಿ ವಾಕ್ಯದಲ್ಲಿ ಬರೆಯಿರಿ, ನಿಮಗಷ್ಟೇ ಗೊತ್ತಿರುವ ಗುರುತುಗಳು ಬೇಡ. ಕೆಂಪು ಶಾಯಿಯ ಹೆಸರುಗಳನ್ನು ಕೊನೆಯ ಪುಟದಲ್ಲಿ ಬೇರೆಯಾಗಿ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ಮುಂದಿನ ಫೋನಿನ ದಿನಾಂಕ ಹಾಕಿ. ನಂಬರ್ ಬದಲಾದಾಗ ಹಳೆಯದನ್ನು ಪೂರ್ತಿ ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯಿರಿ. ಸ್ವಿಚ್ ಆಫ್ ಆಗಿದ್ದ ಹಳೆಯ ನಂಬರಿಗೆ ಸಂಕ್ರಾಂತಿಯ ಹೊತ್ತಿಗೆ ಮತ್ತೆ ರೀಚಾರ್ಜ್ ಆಗಿರುವುದುಂಟು.